ಹಿಂಬಾಗಿಲಿನಿಂದ ವಿಜಯಪುರ

1565ರ ಜನವರಿಯಲ್ಲಿ ಕೃಷ್ಣಾ ತೀರದ ಯುದ್ಧದಲ್ಲಿ ಸೋತದ್ದು ವಿಜಯನಗರ. ಗೆದ್ದ ಸುಲ್ತಾನರಲ್ಲಿ ಹೆಚ್ಚು ಲಾಭ ಮಾಡಿಕೊಂಡವರು ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಆದಿಲಶಾಹಿಗಳು. ಪ್ರವಾಸಿಗಳ ಲೆಕ್ಕದಲ್ಲಿ ಮಾತ್ರ ಆ ಫಲಿತಾಂಶ ತಿರುವುಮುರುವಾಗಿದೆ. ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತುವ ಹುಡುಗ ಹುಡುಗಿಯರು ಸೋತವರ ರಾಜಧಾನಿಯಾದ ಹಂಪಿಗೆ ಬಂದರೆ ವಾರಗಟ್ಟಲೆ ಏಳುವುದಿಲ್ಲ. ಹೊಳೆ, ಬಂಡೆ, ಬಾಳೆತೋಟ ಅಂತ ಅಲ್ಲೇ ಬೀಡುಬಿಡುತ್ತಾರೆ. ಅಲ್ಲಿಂದ ಬಾದಾಮಿ, ಬಾದಾಮಿಯಿಂದ ವಿಜಯಪುರ. ಗೆದ್ದವರ ರಾಜಧಾನಿಗೆ ಅವರು ಕೊಡುವುದು ಒಂದೇ ದಿನ. ಬೆಳಿಗ್ಗೆ ಇಳಿದು ರಾತ್ರಿಯ ಬಸ್ಸನ್ನೋ ರೈಲನ್ನೋ ಹತ್ತಿದರೆ ಮುಗಿಯಿತು.

ಆ ಒಂದು ದಿನಕ್ಕೆ ಒಂದು ದಾರಿ ಗಟ್ಟಿಯಾಗಿ ಬಿದ್ದುಬಿಟ್ಟಿದೆ. ಹೊತ್ತು ಏರುವ ಮೊದಲು ಗೋಳಗುಮ್ಮಟ. ಆಮೇಲೆ ಜಾಮಿಯಾ ಮಸೀದಿ, ಅಸರ್ ಮಹಲ್, ಒಳಕೋಟೆಯಾದ ಅರಕಿಲ್ಲೆಯೊಳಗಿನ ಗಗನ ಮಹಲ್, ಬಾರಾ ಕಮಾನ್. ನಡುವೆ ಖಾನಾವಳಿಯ ಊಟ. ಬಿಸಿಲು ಇಳಿದ ಮೇಲೆ ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ತಾಜ್ ಬಾವಡಿ. ಸಂಜೆಗೆ ಇಬ್ರಾಹಿಂ ರೋಜಾ. ನಕಾಶೆಯ ಮೇಲೆ ಗೆರೆ ಎಳೆದರೆ ಇದು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ. ಇಸವಿಗಳನ್ನು ಹಚ್ಚಿ ನೋಡಿದರೆ ಹೆಚ್ಚೂಕಡಿಮೆ ಹಿಂದಕ್ಕೆ ಹೋಗುತ್ತದೆ. ಮೊದಲು ಕಾಣುವುದು 1656ರಲ್ಲಿ ತೀರಿಕೊಂಡ ದೊರೆಯ ಗೋರಿ, ಕೊನೆಗೆ ಕಾಣುವುದು 1627ರಲ್ಲಿ ತೀರಿಕೊಂಡ ಅವನ ತಂದೆಯ ಗೋರಿ. ಕೊನೆಯ ಅಂಕದಿಂದ ನಾಟಕ ನೋಡಲು ಕೂತ ಹಾಗೆ. ಊರನ್ನು ಹೀಗೆ ತಿರುಗಿಸಿ ನಿಲ್ಲಿಸಿದ್ದು ಆದಿಲಶಾಹಿಗಳಲ್ಲ, ರೈಲು.

ಆದಿಲಶಾಹಿ ಕಾಲದಲ್ಲಿ ಊರಿನ ಭಾರವೆಲ್ಲ ಪಶ್ಚಿಮಕ್ಕಿತ್ತು. ಒಂದನೆಯ ಅಲಿ ಆದಿಲಶಾಹ 1565ರ ಹೊತ್ತಿಗೆ ಮುಗಿಸಿದ ಕೋಟೆಯ ಸುತ್ತಳತೆ ಸುಮಾರು 10 ಕಿಲೋಮೀಟರು. ಅದರ ಹೆಬ್ಬಾಗಿಲುಗಳಲ್ಲಿ ಎದ್ದು ಕಾಣುವಂಥದ್ದು ಪಶ್ಚಿಮದ ಮಕ್ಕಾ ಬಾಗಿಲು. ವಾಯವ್ಯದ ಶಹಾಪುರ ಬಾಗಿಲಿನ ಆಚೆ ದೊಡ್ಡ ಪೇಟೆಯಿತ್ತು. ಕುಡಿಯುವ ನೀರು ಬರುತ್ತಿದ್ದದ್ದೂ ಆ ಕಡೆಯ ತೊರವಿಯಿಂದಲೇ, ನೆಲದೊಳಗೆ ಕೊರೆದ ಸುರಂಗದ ಮೂಲಕ. ಎರಡನೆಯ ಇಬ್ರಾಹಿಂ 1599ರಲ್ಲಿ ನವರಸಪುರವೆಂಬ ಹೊಸ ಊರು ಕಟ್ಟಹೊರಟಾಗ ಅದಕ್ಕೂ ಅದೇ ದಿಕ್ಕನ್ನು ಆರಿಸಿದ.

ಇಂಥ ಊರಿಗೆ 1603-04ರಲ್ಲಿ ಅಕ್ಬರನ ದೂತ ಅಸದ್ ಬೇಗ್ ಬಂದ. ಇಬ್ರಾಹಿಮನ ಮಗಳನ್ನು ರಾಜಕುಮಾರ ದಾನಿಯಾಲನ ಮದುವೆಗೆ ಕರೆದೊಯ್ಯುವುದು ಅವನ ಕೆಲಸ. ಬೀಗರ ಮನೆಯವನಾಗಿ ಬಂದವನು ಊರು ನೋಡಿದ್ದನ್ನೂ ಬರೆದಿಟ್ಟ. ಬಿಜಾಪುರದ ಪೇಟೆಬೀದಿ 30 ಗಜ ಅಗಲ, 2 ಕೋಸು ಉದ್ದ. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ. ಒಡವೆ ಅಂಗಡಿ, ಆಯುಧದ ಅಂಗಡಿ, ಅತ್ತರು, ಬಟ್ಟೆ, ರೊಟ್ಟಿ, ಮದ್ಯ ಎಲ್ಲವೂ ಸಾಲುಸಾಲು. ಉತ್ತರದಲ್ಲಿ ತಾನು ಕಾಣದ ಒಂದು ಸೊಪ್ಪೂ ಅವನಿಗೆ ಇಲ್ಲಿ ಸಿಕ್ಕಿತು, ಅದು ಹೊಗೆಸೊಪ್ಪು. ಅದನ್ನು ಕೊಂಡು, ರತ್ನ ಕೂಡಿಸಿದ ಚಿಲುಮೆಯೊಂದನ್ನು ಮಾಡಿಸಿ ಅಕ್ಬರನ ಮುಂದಿಟ್ಟ. ಬಾದಶಹ ಎರಡು ದಮ್ಮು ಎಳೆಯುವಷ್ಟರಲ್ಲಿ ಹಕೀಮ ಅಡ್ಡ ಬಂದ. ದೊರೆ ಬಿಟ್ಟರೂ ದರಬಾರಿನವರು ಬಿಡಲಿಲ್ಲ. ಮೊಗಲರ ದರಬಾರಿಗೆ ಹೊಗೆಸೊಪ್ಪಿನ ಚಟ ಹತ್ತಿದ್ದು ಬಿಜಾಪುರದ ಪೇಟೆಯಿಂದ ಎಂಬುದನ್ನು ಇಲ್ಲಿಯ ಗೈಡುಗಳು ಯಾಕೋ ಹೇಳುವುದೇ ಇಲ್ಲ.

ಮುಂದೆ ಎಂಬತ್ತು ವರ್ಷಕ್ಕೆ ಅದೇ ಅಕ್ಬರನ ಮರಿಮಗ ಔರಂಗಜೇಬ ಬಂದ. ಹದಿನೈದು ತಿಂಗಳ ಹತ್ತಿರದ ಮುತ್ತಿಗೆಯ ಬಳಿಕ 1686ರ ಸೆಪ್ಟೆಂಬರಿನಲ್ಲಿ ಊರು ಬಿತ್ತು. ಅವನು ಒಳಹೊಕ್ಕ ದಕ್ಷಿಣದ ಮಂಗೋಳಿ ಬಾಗಿಲಿಗೆ ಫತೇ ಬಾಗಿಲು ಎಂಬ ಹೆಸರು ಬಂತು. ಅದರ ಬೆನ್ನಿಗೇ 1688ರಲ್ಲಿ ಪ್ಲೇಗು. ಅದು ಬಾದಶಹನ ಒಬ್ಬ ಬೇಗಮಳನ್ನೂ ಬಿಡಲಿಲ್ಲ. ದರಬಾರು ಹೋಯಿತು, ಅದನ್ನು ನಂಬಿದ್ದ ನೇಕಾರ, ಗಾಯಕ, ಚಿತ್ರಕಾರ, ಅಕ್ಕಸಾಲಿಗರೂ ಕಾಲ್ತೆಗೆದರು. ನೂರು ವರ್ಷಗಳ ಮೇಲೆ ಈ ಊರಿಗೆ ಬಂದ ಇಂಗ್ಲಿಷರಿಗೆ ಕಂಡದ್ದು ಕೋಟೆಯೊಳಗೆ ಜೋಳದ ಹೊಲ, ಹೊಲದ ನಡುವೆ ಗುಮ್ಮಟ. ಮುಂಬೈಯಲ್ಲಿ ನ್ಯಾಯಾಧೀಶನಾಗಿದ್ದ ಸರ್ ಜೇಮ್ಸ್ ಮ್ಯಾಕಿಂಟಾಶ್ ಇದನ್ನು ಸಿರಿಯಾದ ಮರುಭೂಮಿಯ ಹಾಳೂರು ಪಾಲ್ಮೈರಾಕ್ಕೆ ಹೋಲಿಸಿದ. ಆ ಹೋಲಿಕೆ ಮುಂದಿನವರ ಬಾಯಲ್ಲೂ ಪುಸ್ತಕದಲ್ಲೂ ಉಳಿದುಕೊಂಡಿತು. ಜನ ಬಾಳುತ್ತಿದ್ದ ಊರಿಗೆ ಹಾಳೂರಿನ ಹಣೆಪಟ್ಟಿ ಬಿದ್ದದ್ದು ಹೀಗೆ.

1818ರಲ್ಲಿ ಪೇಶ್ವೆ ಸೋತ ಮೇಲೆ ಬಿಜಾಪುರ ಸಾತಾರದ ರಾಜನ ಪಾಲಾಯಿತು. 1848ರಲ್ಲಿ ಸಾತಾರವನ್ನೇ ನುಂಗಿದ ಕಂಪನಿ ಸರಕಾರದ ಕೈಗೆ ಇದೂ ಬಂತು. ಆಗಿನ ಅಧಿಕಾರಿಗಳಿಗೆ ಈ ಸ್ಮಾರಕಗಳನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. 1854ರಲ್ಲಿ ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗೆ ಹಾಕಿದರು. ಕೂಗಿದ ಬೆಲೆ 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಹೇಗೆ ಎಂದು ಅಧಿಕಾರಿಯೊಬ್ಬ ಹರಾಜನ್ನು ತಡೆದ. ತೋಪು ಉಳಿದದ್ದು ಬೆಲೆ ಸಾಲದ್ದರಿಂದ. ಅದೇ ಕಾಲದಲ್ಲಿ ಕ್ಯಾಪ್ಟನ್ ಹಾರ್ಟ್ ಇಲ್ಲಿ ಅಳತೆ ಹಿಡಿದು ನಕ್ಷೆ ತೆಗೆಸುತ್ತಿದ್ದ, ಬಿಗ್ಸ್ ಎಂಬ ಸೈನ್ಯಾಧಿಕಾರಿ ಕ್ಯಾಮೆರಾ ಹೂಡುತ್ತಿದ್ದ. ಇವರ ಕೆಲಸಕ್ಕೆ ಫರ್ಗುಸನ್ ಮತ್ತು ಮೆಡೋಸ್ ಟೇಲರ್ ಎಂಬವರ ಬರಹ ಸೇರಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವೊಂದು ಹೊರಬಂತು. ನೋಡಲೇಬೇಕಾದ ಜಾಗಗಳ ಪಟ್ಟಿ ತಯಾರಾಯಿತು. ಇನ್ನು ಬೇಕಾಗಿದ್ದದ್ದು ದಾರಿಯೊಂದೇ.

1884ರಲ್ಲಿ ಹೊಟಗಿಯಿಂದ ಮೀಟರ್ ಗೇಜ್ ಹಳಿ ಬಂತು. ನಿಲ್ದಾಣ ತಲೆಯೆತ್ತಿದ್ದು ಕೋಟೆಯ ಪೂರ್ವಕ್ಕೆ, ಗೋಳಗುಮ್ಮಟಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಆ ಸುಮಾರಿಗೇ ಜಿಲ್ಲೆಯ ಕಚೇರಿಗಳನ್ನು ಕಲಾದಗಿಯಿಂದ ಇಲ್ಲಿಗೆ ತಂದರು. 1876ರ ಬರದಲ್ಲಿ ನಲುಗಿದ್ದ ಸೀಮೆಗೆ ರೈಲು ಮುಖ್ಯವಾಗಿ ಕಾಳು ತರಬೇಕಿತ್ತು, ಹತ್ತಿ ಒಯ್ಯಬೇಕಿತ್ತು. ಪ್ರವಾಸಿಗಳನ್ನು ತಂದದ್ದು ಮೇಲಿನ ಕೊಸರು. ಕಚೇರಿಗೆ ಹೊಸ ಕಟ್ಟಡ ಕಟ್ಟುವ ಖರ್ಚು ಯಾಕೆಂದು ಹಳೆಯ ಮಹಲುಗಳಲ್ಲೇ ಕಡತ ಜೋಡಿಸಿದರು. ಗೋಳಗುಮ್ಮಟದ ಪಶ್ಚಿಮದ ಮಸೀದಿಯೇ ಕೆಲವು ಕಾಲ ಪ್ರವಾಸಿಗಳ ಬಂಗಲೆಯಾಗಿತ್ತು. ಸಾಹೇಬರು ರೈಲಿನಿಂದ ಇಳಿದು, ಮಸೀದಿಯಲ್ಲಿ ಹಾಸಿಗೆ ಬಿಡಿಸಿ, ಎದುರಿನ ಗೋರಿ ನೋಡಿ ಮಾರನೆಯ ದಿನ ಹೊರಟುಬಿಡಬಹುದಿತ್ತು. ಇಂಥ ಬಳಕೆಗೆ ತಡೆ ಬಿದ್ದದ್ದು ಲಾರ್ಡ್ ಕರ್ಜನ್ನನ ಕಾಲಕ್ಕೆ, 1904ರ ಸ್ಮಾರಕ ಕಾಯಿದೆಯ ಆಸುಪಾಸಿನಲ್ಲಿ. ಒಂದು ದಿನದ ರೂಢಿ ಅಷ್ಟರಲ್ಲಿ ಬೇರು ಬಿಟ್ಟಿತ್ತು.

ಇವತ್ತು ಹೆಚ್ಚಿನವರು ಬರುವುದು ಬಸ್ಸಿನಲ್ಲಿ. ಬಸ್ ನಿಲ್ದಾಣ ಅರಕಿಲ್ಲೆಯ ಹತ್ತಿರವೇ ಇದೆ. ನ್ಯಾಯವಾಗಿ ನೋಡಿದರೆ ಊರಿನ ಹೊಟ್ಟೆಯಿಂದಲೇ ಸುತ್ತಾಟ ಶುರುವಾಗಬೇಕು. ಆದರೂ ಟಾಂಗಾ ತಿರುಗುವುದು ಪೂರ್ವಕ್ಕೇ. ‘ಮೊದಲ ಗೋಳಗುಮ್ಮಟ ನೋಡ್ರಿ. ಬಿಸಲ ಏರಿತಂದ್ರ ಮ್ಯಾಲ ಹತ್ತಾಕ ಆಗಂಗಿಲ್ರಿ’ ಎನ್ನುತ್ತಾನೆ ಟಾಂಗಾವಾಲಾ. ಅವನ ಮಾತಿನಲ್ಲಿ ಸತ್ಯವಿದೆ. ಬಿಸಿಲಿಗಿಂತ ದೊಡ್ಡ ಕಾರಣ ಶಾಲಾ ಪ್ರವಾಸದ ಮಕ್ಕಳು. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಮೂಲೆಮೂಲೆಯಿಂದ ಕೆಂಪು ಬಸ್ಸುಗಳು ಬಂದು ನಿಂತವೆಂದರೆ ಗುಮ್ಮಟದೊಳಗಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತಿಗೆ ಜಾಗವಿಲ್ಲ.

ಗೋಳಗುಮ್ಮಟದ ಮೂಲೆಯ ಗೋಪುರದಲ್ಲಿ ಏಳು ಅಂತಸ್ತು. ಮೆಟ್ಟಿಲುಗಳು ಇಕ್ಕಟ್ಟು, ಒಂದೊಂದೂ ಮೊಣಕಾಲನ್ನು ಪರೀಕ್ಷಿಸುವಷ್ಟು ಎತ್ತರ. ಎದುರಿನಿಂದ ಇಳಿಯುವವರು ಬಂದರೆ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕು. ಬೆನ್ನಲ್ಲಿ ಚೀಲವಿದ್ದರೆ ಅದೂ ಆಗದು. ಹತ್ತಿ ಹೊರಬಂದರೆ ಮೊದಲು ಗಾಳಿ, ಆಮೇಲೆ ಊರು. ಅಲ್ಲಿಂದ ಗುಮ್ಮಟದ ಗೋಡೆಯಲ್ಲಿನ ಸಣ್ಣ ಬಾಗಿಲೊಂದನ್ನು ಹೊಕ್ಕರೆ ಸುಮಾರು 11 ಅಡಿ ಅಗಲದ ಉಂಗುರದಂಥ ಕಟ್ಟೆ. ಗೋಡೆಗೆ ಕಿವಿ ಹಚ್ಚಿ ಕೂತವರಿಗೆ ಆಚೆ ಬದಿಯಲ್ಲಿ ಕಾಗದ ಮುದುಡಿದ ಸಪ್ಪಳವೂ ಬೆನ್ನ ಹಿಂದೆಯೇ ಆದಂತೆ ಕೇಳುತ್ತದೆ. ನಡುವಿನ ಅಂತರ 120 ಅಡಿಗೂ ಮೇಲೆ. ಒಮ್ಮೆ ಚಪ್ಪಾಳೆ ತಟ್ಟಿದರೆ ಹತ್ತರ ಹತ್ತಿರ ಮಾರ್ದನಿ. ಮಕ್ಕಳಂತೂ ತಮ್ಮ ಮೇಷ್ಟ್ರ ಹೆಸರನ್ನೇ ಕೂಗುತ್ತಾರೆ.

ಸದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಟ್ಟಡದ ನಿಜವಾದ ಚಮತ್ಕಾರ ಕಾಣಬೇಕಾದರೆ ಕೆಳಗೆ ನಿಂತು ತಲೆ ಎತ್ತಬೇಕು. ಒಂದೊಂದು ಬದಿಯೂ 135 ಅಡಿ ಇರುವ ಚೌಕ ಕೋಣೆ, ನಡುವೆ ಒಂದು ಕಂಬವೂ ಇಲ್ಲ. ನೆಲದ ಹರವು 18,000 ಚದರ ಅಡಿಗೂ ಹೆಚ್ಚು; ರೋಮಿನ ಪ್ಯಾಂಥಿಯನ್ನಿಗಿಂತ ದೊಡ್ಡದು. ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಮೇಲೆ ನಕ್ಷತ್ರದಾಕಾರ ತಾಳುತ್ತವೆ. ಚೌಕ ಹೀಗೆ ಒಳಕ್ಕೆ ಚಾಚಿಕೊಂಡು ದುಂಡಗಾಗುತ್ತದೆ, ದುಂಡಿನ ಮೇಲೆ ಗುಮ್ಮಟ ಕೂರುತ್ತದೆ. ಗುಮ್ಮಟ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳಬೇಕು. ಒಳಕ್ಕೆ ಚಾಚಿದ ಕಲ್ಲುಗಾರೆಯ ಭಾರ ಅದನ್ನು ಒಳಕ್ಕೆ ಜಗ್ಗಿ ಸರಿದೂಗಿಸುತ್ತದೆ. ಪಿಸುಗುಟ್ಟುವ ಕಟ್ಟೆ ಕೂತಿರುವುದು ಆ ಚಾಚಿನ ಮೇಲೆಯೇ. ಅಂದರೆ ಸದ್ದಿನ ಆಟ ದೊರೆ ಬಯಸಿ ಮಾಡಿಸಿದ್ದಲ್ಲ, ಭಾರದ ಲೆಕ್ಕ ಸರಿಹೊಂದಿಸುವಾಗ ಸಿಕ್ಕ ಬಳುವಳಿ ಎನ್ನಬೇಕು. ವಿಶ್ವಪ್ರಸಿದ್ಧವಾದದ್ದು ಬಳುವಳಿಯೇ.

ಕಟ್ಟಿಸಿದವನು ಮುಹಮ್ಮದ ಆದಿಲಶಾಹ. ಪಟ್ಟಕ್ಕೆ ಬಂದ ಕೆಲ ಕಾಲದಲ್ಲೇ ತನ್ನ ಗೋರಿಗೆ ಪಾಯ ಹಾಕಿಸಿದ. ಸಾಯುವ ಹೊತ್ತಿಗೂ ಗಾರೆ ಕೆಲಸ ಪೂರ್ತಿಯಾಗಿರಲಿಲ್ಲ. ಕೆಳಗಿನ ಗೋರಿಗಳಲ್ಲಿ ಅವನ ಹೆಂಡಿರ ಜೊತೆ ರಂಭಾ ಎಂಬ ನರ್ತಕಿಯದೂ ಒಂದು. ದೊರೆ ಪ್ರೀತಿಯ ಪುರಾವೆ ಕೇಳಿದನೆಂದು ಅವಳು ಈ ಕಟ್ಟೆಯಿಂದಲೇ ಜಿಗಿದಳೆಂಬ ಕತೆಯನ್ನು ಗೈಡುಗಳು ದಿನವೂ ಹೇಳುತ್ತಾರೆ. ಜಿಗಿದಳೋ ಇಲ್ಲವೋ, ದೊರೆಯ ಕುಟುಂಬದ ನಡುವೆ ಅವಳಿಗೆ ಜಾಗ ಸಿಕ್ಕಿದ್ದಂತೂ ನಿಜ. ಎದುರಿನ ನಗಾರಖಾನೆಯಲ್ಲಿ 1892ರಿಂದ ವಸ್ತುಸಂಗ್ರಹಾಲಯವಿದೆ. ಮೆಟ್ಟಿಲು ಇಳಿದು ಸುಸ್ತಾದವರು ಅದನ್ನು ದಾಟಿಯೇ ಹೋಗುತ್ತಾರೆ.

ಟಾಂಗಾ ಅಲ್ಲಿಂದ ಜಾಮಿಯಾ ಮಸೀದಿಗೆ ಬರುತ್ತದೆ. ಒಂದನೆಯ ಅಲಿ ಶುರುಮಾಡಿ, ಕೊನೆಯವರೆಗೂ ಪೂರ್ತಿಯಾಗದೆ ಉಳಿದ ಕಟ್ಟಡ ಇದು. ನೆಲದ ಮೇಲೆ ಕಪ್ಪು ಗೆರೆಯಲ್ಲಿ ಒಬ್ಬೊಬ್ಬರಿಗೆ ಒಂದರಂತೆ ನಮಾಜಿನ 2,250 ಮನೆಗಳನ್ನು ಬರೆದಿದೆ. ಹಾಸಿದ್ದ ಮಖಮಲ್ಲಿನ ಜಮಖಾನೆಗಳನ್ನು ಔರಂಗಜೇಬ ಒಯ್ದನಂತೆ. ಬದಲಿಗೆ ಬಂದದ್ದು ಈ ಗೆರೆಗಳು ಎನ್ನುತ್ತಾರೆ. 1646ರ ಅಸರ್ ಮಹಲಿನ ಎತ್ತರದ ಮರದ ಕಂಬಗಳನ್ನು ಹೊರಗಿನಿಂದ ನೋಡಿ, ಗಗನ ಮಹಲಿನ ಮುಂದಿನ ಅಗಲ ಕಮಾನಿನ ಕೆಳಗೆ ಒಂದು ಫೋಟೊ ತೆಗೆದು ಜನ ಮುಂದೆ ಸಾಗುತ್ತಾರೆ. 1561ರ ಈ ಮಹಲಿನಲ್ಲೇ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆಯಲ್ಲಿ ಔರಂಗಜೇಬನ ಮುಂದೆ ನಿಲ್ಲಿಸಿದರೆಂದು ಪ್ರತೀತಿ.

ಟಾಂಗಾದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಜಾಗ ಅರಕಿಲ್ಲೆಯಲ್ಲೇ ಇದೆ: ಕರೀಮುದ್ದೀನನ ಮಸೀದಿ. ಇದು 1320ರದು, ಆದಿಲಶಾಹಿಗಳಿಗಿಂತ 170 ವರ್ಷ ಹಿಂದಿನದು. ಹಳೆಯ ಗುಡಿಗಳ ಕಂಬಗಳನ್ನೇ ತಂದು ನಿಲ್ಲಿಸಿದ್ದು ನೋಡಿದ ಕೂಡಲೇ ತಿಳಿಯುತ್ತದೆ. ಕಟ್ಟಿದವನು ಇಂಡಿ ಸೀಮೆಯ ಸಾಲೋಟಗಿಯ ಕಸುಬುದಾರ ರೇವಯ್ಯ ಎಂದು ಶಾಸನವಿದೆ. ಒಡೆದವರು ಯಾರು, ಕಟ್ಟಿದವರು ಯಾರು ಎಂದು ಗೆರೆ ಕೊಯ್ದು ಮಾತಾಡುವವರಿಗೆ ಈ ಕಲ್ಲು ಸ್ವಲ್ಪ ತೊಡಕು. ಆದಿಲಶಾಹಿ ದರಬಾರೂ ಹಾಗೆಯೇ ತೊಡಕಿನದು. ಇಬ್ರಾಹಿಂ ತನ್ನ ‘ಕಿತಾಬ್-ಎ-ನವರಸ್’ ಕೃತಿಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ; ಜನ ಅವನನ್ನು ಜಗದ್ಗುರು ಎಂದರು. ಕಾಖಂಡಕಿಯ ಮಹಿಪತಿದಾಸರು ಹರಿದಾಸರಾಗುವ ಮೊದಲು ಉದ್ಯೋಗದಲ್ಲಿದ್ದದ್ದು ಇದೇ ದರಬಾರಿನಲ್ಲಿ.

ಮಧ್ಯಾಹ್ನ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹಂಪಿಯಲ್ಲಿ ಹಿಟ್ಟಿನ ದೋಸೆಗೆ ಚಾಕೊಲೇಟು ಸವರಿಸಿಕೊಂಡು ತಿಂದು ಬಂದವರಿಗೆ ಇಲ್ಲಿ ಅವರಿಗಾಗಿಯೇ ಬರೆದ ಮೆನು ಕಾರ್ಡು ಸಿಗುವುದಿಲ್ಲ. ಇದನ್ನು ಕೆಲವರು ಊರಿನ ಕೊರತೆ ಅನ್ನುತ್ತಾರೆ. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಕೂತವರಿಗೆ ಕೊರತೆಯೇನೂ ಕಾಣದು.

ಬಾರಾ ಕಮಾನ್ ಎರಡನೆಯ ಅಲಿಯ ಅರೆಬರೆ ಗೋರಿ. ಅಪ್ಪನ ಗುಮ್ಮಟವನ್ನು ಮೀರಿಸಬೇಕೆಂಬ ಹಟ. 1672ರಲ್ಲಿ ಅವನು ಸತ್ತಾಗ ಎದ್ದದ್ದು ಕಪ್ಪು ಕಲ್ಲಿನ ಕಮಾನುಗಳಷ್ಟೇ. ಮೇಲೆ ಏನೂ ಇಲ್ಲದ್ದರಿಂದಲೋ ಏನೋ, ಊರಿನಲ್ಲಿ ಫೋಟೊಕ್ಕೆ ಇದಕ್ಕಿಂತ ಒಪ್ಪುವ ಜಾಗವಿಲ್ಲ.

ಪಶ್ಚಿಮದ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರ್ಕಿ ಎರಕಗಾರ ಹೊಯ್ದ ತೋಪು. ಉದ್ದ 14 ಅಡಿ 4 ಅಂಗುಲ, ತೂಕ 55 ಟನ್ ಎಂದು ಲೆಕ್ಕ. ಬಾಯಿ ಸಿಂಹದ್ದು, ಅದರ ಹಲ್ಲುಗಳ ನಡುವೆ ಒಂದು ಆನೆ ನಜ್ಜುಗುಜ್ಜಾಗುತ್ತಿದೆ. 1565ರ ಯುದ್ಧದಲ್ಲಿ ವಿಜಯನಗರದ ಎದುರು ಗುಡುಗಿದ್ದು, ಆಮೇಲೆ ಪರಾಂಡಾ ಕೋಟೆ ಸೇರಿ 1632ರ ಸುಮಾರಿಗೆ ಇಲ್ಲಿಗೆ ಬಂತು. ಹತ್ತು ಆನೆ, ನಾನೂರು ಎತ್ತು ಎಳೆದು ತಂದವು ಎಂಬುದು ಜನ ಹೇಳುವ ಲೆಕ್ಕ. ಉರಿಬಿಸಿಲಲ್ಲೂ ಲೋಹ ಮುಟ್ಟಲು ತಣ್ಣಗಿರುತ್ತದೆ ಎನ್ನುವುದು ಇನ್ನೊಂದು ಮಾತು. ಅದನ್ನು ಯಾರು ಬೇಕಾದರೂ ಅಂಗೈ ಇಟ್ಟು ನೋಡಬಹುದು; ತಲೆಮಾರುಗಳಿಂದ ಹಾಗೆ ಮುಟ್ಟಿ ಮುಟ್ಟಿ ಒಂದು ಕಡೆ ನಯವಾಗಿಬಿಟ್ಟಿದೆ. ಹತ್ತಿರದ ಉಪ್ಪಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಎತ್ತರ 80 ಅಡಿ, ಹೊರಬದಿಯಲ್ಲಿ ಸುತ್ತಿ ಏರುವ ಮೆಟ್ಟಿಲು. ಗೋಳಗುಮ್ಮಟದಲ್ಲಿ ಕಾಲು ಸೋತವರು ಇದನ್ನು ಬಿಟ್ಟುಬಿಡುತ್ತಾರೆ. ಊರಿನ ವಿನ್ಯಾಸ ಒಂದೇ ನೋಟಕ್ಕೆ ಬಿಚ್ಚಿಕೊಳ್ಳುವುದು ಮಾತ್ರ ಇಲ್ಲಿಂದಲೇ: ನಡುವೆ ಅರಕಿಲ್ಲೆ, ಸುತ್ತ ಕೋಟೆ, ಪೂರ್ವದ ತುದಿಯಲ್ಲಿ ಗುಮ್ಮಟ.

ಮಕ್ಕಾ ಬಾಗಿಲಿನ ಹತ್ತಿರದ ತಾಜ್ ಬಾವಡಿ ಬಹುಕಾಲ ಹೂಳು, ಕಸ ತುಂಬಿ ಕೂತಿತ್ತು. ಕಳೆದ ದಶಕದಲ್ಲಿ ಅದನ್ನೂ ಇನ್ನಷ್ಟು ಹಳೆಯ ಬಾವಿಗಳನ್ನೂ ಶುಚಿ ಮಾಡಿದರು. ಬರದ ನಾಡಿನಲ್ಲಿ ಲಕ್ಷಾಂತರ ಜನರ ರಾಜಧಾನಿ ಬದುಕಿದ್ದು ಇಂಥ ಬಾವಿ, ಸುರಂಗ, ನೀರು ಹಂಚುವ ಗಂಜುಗಳಿಂದ. ಈ ಊರಿನ ದೊಡ್ಡ ಸಾಧನೆ ಯಾವುದೆಂದರೆ ಗುಮ್ಮಟಕ್ಕಿಂತ ಮೊದಲು ನೀರಿನ ಹೆಸರು ಹೇಳಬೇಕು. ನೆಲದೊಳಗೆ ಇರುವುದಕ್ಕೆ ಟಿಕೆಟ್ ಹರಿಯಲಾಗದು, ಹಾಗಾಗಿ ಅದು ಒಂದು ದಿನದ ಪಟ್ಟಿಗೆ ಸೇರಲಿಲ್ಲ.

ಕೋಟೆ ದಾಟಿದರೆ ಇಬ್ರಾಹಿಂ ರೋಜಾ. ಮಲಿಕ್ ಸಂದಲ್ ಕಟ್ಟಿದ್ದು. ಖರ್ಚು ಒಂದೂವರೆ ಲಕ್ಷ ಹೊನ್ನು ಎಂದು ಶಾಸನವೇ ಹೇಳುತ್ತದೆ. ಮೊದಲು ರಾಣಿ ತಾಜ್ ಸುಲ್ತಾನಾಗೆಂದು ಶುರುವಾಗಿ, ಇಬ್ರಾಹಿಮನೂ ಅಲ್ಲೇ ಮಣ್ಣಾದ. ಮಗನ ಗುಮ್ಮಟದಲ್ಲಿ ಗಾತ್ರ ಮಾತಾಡಿದರೆ ಅಪ್ಪನ ರೋಜಾದಲ್ಲಿ ಉಳಿ ಮಾತಾಡುತ್ತದೆ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿದ್ದಾರೆ; ಅಕ್ಷರದ ಸಂದಿನಿಂದ ಬೆಳಕು ಒಳಬರುತ್ತದೆ. ಗೋರಿಯ ಕೋಣೆ 40 ಅಡಿ ಚೌಕ, ಮೇಲೆ ಚಪ್ಪಟೆ ಕಲ್ಲಿನ ಚಾವಣಿ, ಆಧಾರಕ್ಕೆ ತೊಲೆ ಕಾಣದು. ತಾಜಮಹಲಿಗೆ ಇದೇ ಮಾದರಿ ಎಂದು ಗೈಡುಗಳು ಹೇಳುವುದನ್ನು ಕೇಳಿ ಪ್ರವಾಸಿಗಳು ತಲೆದೂಗುತ್ತಾರೆ. ಆಗ್ರಾದ ಆಸರೆಯಿಲ್ಲದೆಯೂ ರೋಜಾ ಚೆನ್ನಾಗಿಯೇ ನಿಂತಿದೆ.

ಇಷ್ಟರಲ್ಲಿ ಸಂಜೆಯಾಗಿ, ಟಾಂಗಾವಾಲಾ ಬಸ್ ನಿಲ್ದಾಣದ ಕಡೆ ಮುಖ ಮಾಡುತ್ತಾನೆ. ದಿನದ ದಾರಿ ಹೀಗೆ ಊರಿನ ಹಳೆಯ ಮುಂಬಾಗಿಲಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ತೊರವಿಗೆ ಕೆಲವೇ ಕಿಲೋಮೀಟರು. ನವರಸಪುರದ ಸಂಗೀತ ಮಹಲು ಅಲ್ಲಿದೆ, 1624ರಲ್ಲಿ ಮಲಿಕ್ ಅಂಬರ್ ಆ ಊರನ್ನು ಹಾಳುಗೆಡವಿದ ಮೇಲೆ ಉಳಿದಷ್ಟು. ಎರಡನೆಯ ದಿನ ಉಳಿಯುವ ಅಪರೂಪದವರು ಬೆಳಿಗ್ಗೆ ತೊರವಿ ಮುಗಿಸಿ, ಮಧ್ಯಾಹ್ನ ಸಿಂದಗಿ ರಸ್ತೆಯ ಬಸ್ಸು ಹಿಡಿದು ಕುಮಟಗಿಗೆ ಹೋಗಬಹುದು. ಕೆರೆಯ ಪಕ್ಕ ಆದಿಲಶಾಹಿಗಳ ಬೇಸಿಗೆ ಮಂಟಪಗಳಿವೆ. ಚಾವಣಿಯಿಂದ ನೀರು ಚಿಮುಕಿಸಲು ಕೊಳವೆ ಹಾಕಿದ್ದರು. ಗೋಡೆಯ ಮೇಲೆ ಕುದುರೆಯೇರಿ ಚೆಂಡಾಡುವವರ ಚಿತ್ರಗಳಿವೆ, ಮಾಸಿವೆ. ಶಾಲಾ ಪ್ರವಾಸದ ಬಸ್ಸುಗಳು ಅಷ್ಟು ದೂರ ಬರುವುದು ಕಡಿಮೆ.